ರಾಕರ್ ಲಿಂಕ್ ಮುರಿಯೋದು ಎಲ್ಲಿಂದ?

ಮೌಂಟನ್ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರನ್ನು ಒತ್ತುವ ಸಣ್ಣ ತುಂಡೇ ರಾಕರ್ ಲಿಂಕ್. ಕೊಡಚಾದ್ರಿಯ ಜೀಪ್ ದಾರಿಯಂಥ ಕಡೆ ಇಳಿಯುವಾಗ ಪ್ರತಿ ಕಲ್ಲಿನ ಹೊಡೆತವೂ ಅದಕ್ಕೆ ಬೀಳುತ್ತದೆ. ಒಂದೇ ಏಟಿಗೆ ಅದು ಮುರಿಯುವುದು ಅಪರೂಪ. ಸಣ್ಣ ಹೊಡೆತಗಳೇ ಲಕ್ಷಗಟ್ಟಲೆ ಸೇರಿ ಮುರಿಯುತ್ತವೆ.

ಶಿವಮೊಗ್ಗದಲ್ಲಿ ನನ್ನದು ಚಿಕ್ಕ ಲೇತ್ ವರ್ಕ್‌ಶಾಪ್. ಗೆಳೆಯರ ಬೈಕಿಗೆ ಲಿಂಕ್ ಮಾಡಿಕೊಡುವ ಮುಂಚೆ ಲೋಹವನ್ನು ನಾನೇ ದಣಿಸಿ, ಅಂದರೆ ಮುರಿಯುವ ತನಕ ಮತ್ತೆ ಮತ್ತೆ ಬಾಗಿಸಿ, ನೋಡಬೇಕು ಅಂದುಕೊಂಡೆ. 6061-ಟಿ6 ಅಲ್ಯೂಮಿನಿಯಂ (6061 ಮಿಶ್ರಲೋಹದ ಹೆಸರು, ಟಿ6 ಅಂದರೆ ಶಾಖ ಕೊಟ್ಟು ಗಟ್ಟಿ ಮಾಡಿದ್ದು) ಬಾಗಿ ಹಾಗೇ ಉಳಿಯಲು ಸುಮಾರು 275 ಮೆಗಾಪ್ಯಾಸ್ಕಲ್ ಒತ್ತಡ ಬೇಕು. ಆದರೆ ಹಿಂದೆ ಮುಂದೆ 50 ಕೋಟಿ ಸಲ ಬಾಗಿಸಿದರೆ ನೂರು ಮೆಗಾಪ್ಯಾಸ್ಕಲ್ ಆಸುಪಾಸಿನಲ್ಲೇ ಮುರಿಯುತ್ತದೆ. ಉಕ್ಕಿಗಾದರೆ, ಇಷ್ಟರೊಳಗೆ ಇದ್ದರೆ ಭಯವಿಲ್ಲ ಅನ್ನುವ ಒಂದು ಗಡಿ ಇದೆ. ಅಲ್ಯೂಮಿನಿಯಂಗೆ ಅಂಥ ಗಡಿ ಇಲ್ಲ.

ಈ ಅಲ್ಯೂಮಿನಿಯಂ ಸರಳನ್ನು ಮೋಟರಿಗೆ ಕಟ್ಟಿ, ತುದಿಗೆ ತೂಕ ನೇತುಹಾಕಿ ತಿರುಗಿಸಿದೆ. ಒಂದು ಸುತ್ತು ಅಂದರೆ ಒಂದು ಸಲ ಹಿಂದೆ ಮುಂದೆ ಬಾಗಿದಂತೆ. ನಿಮಿಷಕ್ಕೆ 1440 ಸುತ್ತಿನಂತೆ 10 ಲಕ್ಷ ಮುಟ್ಟಲು ಹನ್ನೆರಡು ಗಂಟೆ ಹತ್ತಿರ ಬೇಕು. ಮಳೆಗಾಲದಲ್ಲಿ ಕರೆಂಟ್ ಹೋಗೋದು ಗೊತ್ತಲ್ವಾ? ಹೋದರೂ ನಷ್ಟವಿಲ್ಲ. ತಿಂದ ಪೆಟ್ಟು ಲೋಹದಲ್ಲೇ ಇರುತ್ತದೆ, ನಿಂತಲ್ಲಿಂದ ಮುಂದುವರಿಸಬಹುದು. ಅದಕ್ಕೇ ಹಲ್ಲುಚಕ್ರದ ಕೌಂಟರ್ ಹಾಕಿದೆ, ಕರೆಂಟ್ ಹೋದರೆ ಅದು ಸೊನ್ನೆಗೆ ಬರೋದಿಲ್ಲ.

ಜಾಸ್ತಿ ಹೊತ್ತು ಹಿಡಿದಿದ್ದು ಎಮರಿ ಪೇಪರಿನ ಕೆಲಸ. ಲೇತ್ ಬಿಟ್ಟ ಗೆರೆಗಳು ಸರಳಿನ ಸುತ್ತ ಇರುತ್ತವೆ, ಬಿರುಕು ಏಳುವುದೂ ಅದೇ ದಿಕ್ಕಿನಲ್ಲಿ. ಹಾಗಾಗಿ ಕೊನೆಯ ಉಜ್ಜು ಉದ್ದಕ್ಕೇ ಇರಬೇಕು, ಅಡ್ಡ ಗೆರೆ ಒಂದೂ ಉಳಿಯಬಾರದು. ಸರಳು ದಪ್ಪದಿಂದ ಸಣ್ಣಗಾಗುವ ಮೂಲೆಯನ್ನು ಚೂಪಾಗಿ ಬಿಟ್ಟದ್ದು, ಅಲ್ಲಿ 3 ಮಿ.ಮೀ. ರೇಡಿಯಸ್ (ದುಂಡು ತಿರುವು) ಕೊಟ್ಟ ಸರಳಿಗಿಂತ ಎಷ್ಟೋ ಮುಂಚೆ ಮುರಿಯಿತು. ಮುರಿದ ಮುಖದಲ್ಲಿ ಒಂದು ಕಡೆ ನುಣುಪು, ಅದರಲ್ಲಿ ಕಪ್ಪೆಚಿಪ್ಪಿನ ಮೇಲಿರುವಂಥ ಗೆರೆಗಳು. ಉಳಿದದ್ದು ಒರಟು, ಅದು ಕೊನೆ ಗಳಿಗೆಯಲ್ಲಿ ಹರಿದ ಭಾಗ. ಗೆರೆಗಳನ್ನು ಹಿಂದಕ್ಕೆ ಹಿಡಿದು ಹೋದರೆ ಸಿಗೋದು ಆ ಚೂಪು ಮೂಲೆಯೇ.

7075 ಅನ್ನುವ ಇನ್ನೊಂದು ಅಲ್ಯೂಮಿನಿಯಂ ಇನ್ನೂ ಗಟ್ಟಿ, ನಿಜ. ಆದರೆ ಪಿವೋಟಿನಲ್ಲಿ, ಅಂದರೆ ಲಿಂಕ್ ತಿರುಗುವ ಕೀಲಿನಲ್ಲಿ, ಕೆಸರು ನೀರು ನಿಂತರೆ ಅದಕ್ಕೆ ಬೇಗ ಗುಳಿ ಬೀಳುತ್ತದೆ, ಪ್ರತಿ ಗುಳಿಯೂ ಒಂದು ಚೂಪು ಮೂಲೆಯೇ. ನಮ್ಮ ಮಳೆಗೆ 6061ನ್ನೇ ಸ್ವಲ್ಪ ದಪ್ಪ ಮಾಡಿ, ಬೇರಿಂಗ್ ಕೂರುವ ಜಾಗಕ್ಕೆ ದೊಡ್ಡ ರೇಡಿಯಸ್ ಕೊಡೋದು ಒಳ್ಳೇದು ಅಂತ ನನ್ನ ಅಭಿಪ್ರಾಯ.

ಮಳೆಗಾಲ ಮುಗಿದ ಮೇಲೆ ಲಿಂಕ್ ಬಿಚ್ಚಿ ಕೆಂಪು ಪೆನೆಟ್ರಂಟ್ (ಬಿರುಕಿನೊಳಗೆ ಇಳಿಯುವ ಬಣ್ಣ) ಹಚ್ಚಿ, ಒರೆಸಿ, ಆ ಬಣ್ಣವನ್ನು ಹೊರಗೆಳೆದು ತೋರಿಸುವ ಬಿಳಿ ಡೆವಲಪರ್ ಸಿಂಪಡಿಸಿ. ಕೂದಲೆಳೆಯಷ್ಟು ಕೆಂಪು ಗೆರೆ ಕಂಡರೂ ಗುಜರಿಗೆ ಹಾಕಿ. ವೆಲ್ಡ್ ಮಾತ್ರ ಮಾಡಿಸಬೇಡಿ, ಆ ಶಾಖಕ್ಕೆ ಟಿ6ನ ಗಟ್ಟಿತನವೇ ಹೋಗಿಬಿಡುತ್ತದೆ.