ಕಳ್ಳ ಲಿಂಕ್ ಇಲ್ಲದೆ ಇಡೀ ಸೀಸನ್ ಫುಟ್‌ಬಾಲ್: ನನ್ನ ಲೆಕ್ಕ, ನನ್ನ ಅನುಭವ

ಇಂಗ್ಲೆಂಡಿನ ಪ್ರೀಮಿಯರ್ ಲೀಗ್, ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಎರಡನ್ನೂ ದುಡ್ಡು ಕೊಟ್ಟು ನೋಡಬೇಕಾದರೆ ವರ್ಷಕ್ಕೆ ಐದಾರು ಸಾವಿರ ಬೇಕು ಅಂತ ನಮ್ಮ ಶಿವಮೊಗ್ಗದ ಫುಟ್‌ಬಾಲ್ ಗುಂಪಿನಲ್ಲಿ ಎಲ್ಲರೂ ನಂಬಿದ್ದರು. "ಸುಮ್ನೆ ಟೆಲಿಗ್ರಾಂ ಲಿಂಕ್ ಹಾಕ್ಕೊಂಡು ನೋಡು ಮಾರಾಯ, ಯಾರು ಬಂದು ಕೇಳ್ತಾರೆ" ಅನ್ನುವುದೇ ಅಲ್ಲಿ ಸಿಗುತ್ತಿದ್ದ ಸಲಹೆ. 2024-25ರ ಸೀಸನ್ನನ್ನು ನಾನು ಒಂದೇ ಒಂದು ಕಳ್ಳ ಲಿಂಕ್ (ಹಕ್ಕಿಲ್ಲದವರು ಕದ್ದು ತೋರಿಸುವ ಪ್ರಸಾರ) ತೆರೆಯದೆ ಆಗಸ್ಟ್‌ನಿಂದ ಮೇ ತನಕ ನೋಡಿದೆ. ಖರ್ಚಾಗಿದ್ದು ಎರಡು ಸಾವಿರದ ಆಸುಪಾಸು. ಆಗಲ್ಲ ಅಂದಿದ್ದವರಲ್ಲಿ ಅರ್ಧ ಜನ ಈಗ ಇದನ್ನೇ ಮಾಡುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಯಾವ ಲೀಗ್ ಎಲ್ಲಿ ಬರುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ. ಪ್ರೀಮಿಯರ್ ಲೀಗ್ ಸ್ಟಾರ್ ಮತ್ತು ಹಾಟ್‌ಸ್ಟಾರ್ ಕಡೆ, ಚಾಂಪಿಯನ್ಸ್ ಲೀಗ್ ಸೋನಿ ಕಡೆ. ಸ್ಪೇನಿನ ಲಾ ಲಿಗಾ ಮಾತ್ರ ಊರೂರು ತಿರುಗುತ್ತದೆ. 2018ರಿಂದ ಮೂರು ಸೀಸನ್ ಫೇಸ್‌ಬುಕ್‌ನಲ್ಲಿ ಪೂರ್ತಿ ಬಿಟ್ಟಿ ಇತ್ತು. ಆಗ ನಮ್ಮ ಗುಂಪಿನಲ್ಲಿ ಒಬ್ಬರೂ ಲಾ ಲಿಗಾಕ್ಕೆ ಕಳ್ಳ ಲಿಂಕ್ ಹುಡುಕುತ್ತಿರಲಿಲ್ಲ. ಆಮೇಲೆ ವಯಾಕಾಮ್‌ಗೆ ಹೋಯಿತು, ಮತ್ತೆ ಕೈ ಬದಲಾಯಿತು, 2025-26ರಿಂದ ಫ್ಯಾನ್‌ಕೋಡ್ ಆ್ಯಪ್‌ನಲ್ಲಿದೆ. ಜನ ಲಿಂಕ್ ಹುಡುಕೋಕೆ ಶುರು ಮಾಡಿದ್ದು ದುಡ್ಡಿಗಿಂತ ಜಾಸ್ತಿ ಈ ಅಲೆದಾಟಕ್ಕೆ ಅಂತ ನನ್ನ ಅನಿಸಿಕೆ.

ನನ್ನ ವಿಧಾನದಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ಎಲ್ಲರೂ ಮರೆತ ಒಂದು ವಸ್ತು ಇದೆ, ಅದು ಕೇಬಲ್. ಮನೆಯಲ್ಲಿ ಅಮ್ಮನ ಧಾರಾವಾಹಿಗೆ ಹೇಗೂ ಕೇಬಲ್ ಇತ್ತು, ತಿಂಗಳಿಗೆ ಇನ್ನೂರೈವತ್ತೋ ಏನೋ. ಅದರ ಮೇಲೆ ಬಿಡಿ ಚಾನೆಲ್ ಹಾಕಿಸಿಕೊಂಡೆ. ಸ್ಟಾರ್ ಸ್ಪೋರ್ಟ್ಸ್ ಸೆಲೆಕ್ಟ್ ಎಚ್‌ಡಿ, ಸೋನಿ ಸ್ಪೋರ್ಟ್ಸ್ ಟೆನ್ 2 ಎಚ್‌ಡಿ, ಜೊತೆಗೆ ಇನ್ನೊಂದು. ಒಂದೊಂದಕ್ಕೆ 20 ರೂಪಾಯಿ ಸುತ್ತಮುತ್ತ, ಮೇಲೆ 18% ಜಿಎಸ್‌ಟಿ. ತಿಂಗಳಿಗೆ ಅರವತ್ತು ಎಪ್ಪತ್ತು ರೂಪಾಯಿ ಜಾಸ್ತಿ, ಅಷ್ಟೇ. ಜೂನ್, ಜುಲೈ ತೆಗೆಸಿಬಿಟ್ಟೆ.

ಹೇಳೋಕೆ ಸುಲಭ. ಕೇಬಲ್ ಆಫೀಸಿನಲ್ಲಿ ಮೊದಲು "ಬಿಡಿ ಚಾನೆಲ್ ಬರಲ್ಲ, ಸ್ಪೋರ್ಟ್ಸ್ ಪ್ಯಾಕ್ ತಗೊಳ್ಳಿ" ಅಂದರು. ಪ್ಯಾಕ್ ಅಂದರೆ ನಮಗೆ ಬೇಡದ ಮೂವತ್ತು ಚಾನೆಲ್, ಬಿಲ್ ಇನ್ನೂರು ಮೇಲಕ್ಕೆ. 2019ರಲ್ಲಿ ಟಿವಿ ಚಾನೆಲ್‌ಗಳ ನಿಯಂತ್ರಕ ಸಂಸ್ಥೆ ಟ್ರಾಯ್‌ನ ಹೊಸ ನಿಯಮ ಬಂದಾಗಿನಿಂದ ಪ್ರತಿ ಚಾನೆಲ್ಲನ್ನೂ ಬಿಡಿಯಾಗಿ ಕೊಡಲೇಬೇಕು. ಅದನ್ನು ಹೇಳಿದ ಮೇಲೆ ಹಾಕಿದರು, ಆದರೆ ಎಚ್‌ಡಿ ಬದಲು ಎಸ್‌ಡಿ ಹಾಕಿದರು. ಎಸ್‌ಡಿಯಲ್ಲಿ ದೂರದ ಕ್ಯಾಮೆರಾ ಬಂದರೆ ಚೆಂಡೇ ಕಾಣಿಸಲ್ಲ. ಸೆಟ್‌ಟಾಪ್ ಬಾಕ್ಸೂ ಹಳೆಯದು, ಎಚ್‌ಡಿಯದ್ದಲ್ಲ ಅಂತ ಆಮೇಲೆ ಗೊತ್ತಾಯಿತು. ಬಾಕ್ಸ್ ಬದಲಿಸೋಕೆ ಸಾವಿರದ ಹತ್ತಿರ ಕೇಳಿದರು. ನಾನು ಅದರಲ್ಲಿ ಅರ್ಧವೂ ಕೊಡಲಿಲ್ಲ. ಹೇಗೆ ಅನ್ನುವುದು ನನ್ನ ಹತ್ತಿರವೇ ಇರಲಿ, ಎಲ್ಲರೂ ಅದನ್ನೇ ಮಾಡಿದರೆ ನಾಳೆ ನನಗೇ ಸಿಗಲ್ಲ.

ಕೇಬಲ್‌ನ ಕೊರತೆ ನಿಮಗೂ ಗೊತ್ತು. ಒಂದೇ ಹೊತ್ತಿಗೆ ಐದು ಪಂದ್ಯ ಇದ್ದರೆ ಒಂದೋ ಎರಡೋ ಮಾತ್ರ ಬರುತ್ತದೆ, ದೊಡ್ಡ ಕ್ಲಬ್‌ನದ್ದೇ ಬರುತ್ತದೆ. ನಾನು ಬ್ರೈಟನ್ ಅಭಿಮಾನಿ, ಶನಿವಾರ ಸಂಜೆ ನಮ್ಮ ಪಂದ್ಯ ಟಿವಿಗೆ ಬರುವುದು ಅಪರೂಪ. ಅದಕ್ಕೆ ಆ್ಯಪ್ ಬೇಕೇ ಬೇಕು. ಹಾಟ್‌ಸ್ಟಾರ್‌ನ ನಡುವಿನ ಪ್ಲ್ಯಾನ್ ವರ್ಷಕ್ಕೆ ಆಗ 899 ರೂಪಾಯಿ, ಅದನ್ನೇ ತೆಗೆದುಕೊಂಡೆ. ಸೀಸನ್ ನಡುವೆ ಅದರ ಹೆಸರು ಜಿಯೋಹಾಟ್‌ಸ್ಟಾರ್ ಆಯಿತು, ಕಟ್ಟಿದ ದುಡ್ಡು ಹಾಗೇ ಮುಂದುವರಿಯಿತು. ದುಬಾರಿ ಪ್ಲ್ಯಾನ್ ಯಾಕೆ ಬೇಡ ಅಂದರೆ, ಲೈವ್ ಆಟದ ನಡುವೆ ಅದರಲ್ಲೂ ಜಾಹೀರಾತು ಬಂದೇ ಬರುತ್ತದೆ. ಮೊಬೈಲ್ ಮಾತ್ರದ ಅಗ್ಗದ ಪ್ಲ್ಯಾನ್ ಕೂಡ ಬೇಡ, ಟಿವಿಗೆ ಹಾಕೋಕೆ ಆಗಲ್ಲ. ನಮ್ಮ ಗುಂಪಿನ ಒಬ್ಬ ಅದನ್ನು ತೆಗೆದುಕೊಂಡು, ಎಚ್‌ಡಿಎಂಐ ತಂತಿ ಕೊಂಡು, ಎರಡೂ ದಂಡ ಆಯಿತು.

ಅಂದಹಾಗೆ ಒಂದು ವಿಷಯ ನಮ್ಮವರಿಗೆ ಹೊಳೆಯುವುದೇ ಇಲ್ಲ. ನನ್ನ ಚಿಕ್ಕಪ್ಪನ ಮಗ ಇಂಗ್ಲೆಂಡ್‌ನಲ್ಲೇ ಇದ್ದಾನೆ. ಅವನಿಗೆ ಶನಿವಾರ ಮಧ್ಯಾಹ್ನ ಮೂರು ಗಂಟೆಯ ಪಂದ್ಯ ಟಿವಿಯಲ್ಲಿ ಸಿಗುವುದೇ ಇಲ್ಲ! ಶನಿವಾರ 2:45ರಿಂದ 5:15ರ ತನಕ ಅಲ್ಲಿ ಫುಟ್‌ಬಾಲ್ ನೇರಪ್ರಸಾರ ಮಾಡುವಂತಿಲ್ಲ, ಜನ ಮೈದಾನಕ್ಕೆ ಬರಲಿ ಅಂತ 1960ರ ದಶಕದಿಂದ ಇರುವ ಪದ್ಧತಿ. 2025-26ರಿಂದ ಅಲ್ಲಿನ ಚಾನೆಲ್‌ಗಳಲ್ಲಿ ಸೀಸನ್‌ಗೆ ಸ್ಕೈ ಕನಿಷ್ಠ 215, ಟಿಎನ್‌ಟಿ 52 ಪಂದ್ಯ ತೋರಿಸುತ್ತವೆ. ಉಳಿದವು ಅವನಿಗೆ ಇಲ್ಲ. ನಮಗೆ 380ಕ್ಕೆ 380. ಅವನು ಒಂದು ತಿಂಗಳಿಗೆ ಕಟ್ಟುವ ದುಡ್ಡಿನಲ್ಲಿ ನನ್ನ ಇಡೀ ವರ್ಷ ಕಳೆಯುತ್ತದೆ. ಹೀಗಿರುವಾಗ ಕಳ್ಳ ಲಿಂಕ್‌ಗೆ ನಾವು ಯಾಕೆ ಹೋಗಬೇಕು ಅಂತ ನಾನು ಕೇಳುತ್ತೇನೆ.

ಇನ್ನು ಚಾಂಪಿಯನ್ಸ್ ಲೀಗ್. ಇಲ್ಲಿ ಎಲ್ಲರೂ ವರ್ಷದ ಪ್ಲ್ಯಾನ್ ಅಂತ ಸಾವಿರದ ಐನೂರು ಹಾಕಿ ಲೆಕ್ಕ ಮಾಡುತ್ತಾರೆ. ನಾನು ಪಂದ್ಯಗಳ ಪಟ್ಟಿ ಮುಂದಿಟ್ಟುಕೊಂಡು ಕೂತೆ. ಮಾರ್ಚ್‌ನಿಂದ ಒಂದು ರಾತ್ರಿಗೆ ನಾಲ್ಕು, ಆಮೇಲೆ ಎರಡು, ಆಮೇಲೆ ಒಂದೇ ಪಂದ್ಯ. ಅಷ್ಟಕ್ಕೆ ಕೇಬಲ್ ಸಾಕು. ಆ್ಯಪ್ ನಿಜಕ್ಕೂ ಬೇಕಾಗುವುದು ಲೀಗ್ ಹಂತದ ಕೊನೆಯ ರಾತ್ರಿ, 36 ತಂಡ, 18 ಪಂದ್ಯ, ಎಲ್ಲವೂ ಒಂದೇ ಹೊತ್ತಿಗೆ. ಅದು 2025ರ ಜನವರಿ 29ಕ್ಕೆ ಇತ್ತು, ನಮಗೆ ಮಧ್ಯರಾತ್ರಿ ದಾಟಿ 30ರ ಒಂದೂವರೆಗೆ. ಹನ್ನೆರಡು ದಾಟಿದ ಮೇಲೆ ಸೋನಿಯ ಆ್ಯಪ್ ಸೋನಿಲಿವ್‌ನ ಒಂದು ತಿಂಗಳ ಪ್ಲ್ಯಾನ್ ಹಾಕಿಸಿದೆ, ನಾನೂರರ ಹತ್ತಿರ. ಬೆಲ್ಜಿಯಂನ ಬ್ರೂಗ್ ಮುಂದೆ ಮ್ಯಾಂಚೆಸ್ಟರ್ ಸಿಟಿ ಹಿಂದೆ ಬಿದ್ದು, ಹೊರಗೆ ಹೋಗುವ ಹಂತಕ್ಕೆ ಬಂದು, 3-1ರಲ್ಲಿ ಬಚಾವಾದದ್ದನ್ನು ಆ ರಾತ್ರಿ ನೋಡಿದೆ. ಅದೇ ಒಂದು ತಿಂಗಳಲ್ಲಿ ಫೆಬ್ರವರಿಯ ಪ್ಲೇಆಫ್ (ಕೊನೆಯ 16ಕ್ಕೆ ಹೋಗುವವರನ್ನು ಆರಿಸುವ ಪಂದ್ಯಗಳು) ಎರಡೂ ಸುತ್ತು ಬಂತು. ಸಿಟಿಯನ್ನು ರಿಯಲ್ ಮ್ಯಾಡ್ರಿಡ್ ಎರಡೂ ಕಡೆ ಸೋಲಿಸಿದ್ದು, ಎಂಬಾಪೆಯ ಹ್ಯಾಟ್ರಿಕ್, ಎಲ್ಲವೂ ಆ ನಾನೂರು ರೂಪಾಯಿಯೊಳಗೇ. ಆಟೋಪೇ ಮಾತ್ರ ಆವತ್ತೇ ರದ್ದು ಮಾಡಿ. ಮುಂದಿನ ತಿಂಗಳು ದುಡ್ಡು ಹೋದ ಮೇಲೆ ವಾಪಸ್ ಕೇಳುವುದು ದೊಡ್ಡ ತಲೆನೋವು.

ಕಳ್ಳ ಲಿಂಕ್ ಕಡೆ ಏನಾಗುತ್ತಿತ್ತು ಅಂತಲೂ ಹೇಳಬೇಕು, ಯಾಕಂದ್ರೆ ಅದು ಬಿಟ್ಟಿ ಅಂತ ಜನ ನಂಬಿದ್ದಾರೆ. ನಮ್ಮ ಗುಂಪಿನ ಒಬ್ಬ ಗೆಳೆಯ ಟೆಲಿಗ್ರಾಂನಲ್ಲಿ ಐಪಿಟಿವಿ (ನೆಟ್ ಮೂಲಕ ಟಿವಿ ಚಾನೆಲ್) ಮಾರುವವನಿಗೆ ಒಂದು ವರ್ಷಕ್ಕೆ ಅಂತ ಸಾವಿರದ ಐನೂರೋ ಎಷ್ಟೋ ಯುಪಿಐ ಮಾಡಿದ. ದೀಪಾವಳಿ ಹೊತ್ತಿಗೆ ಆ ಗ್ರೂಪೇ ಇರಲಿಲ್ಲ. ನನ್ನ ಇಡೀ ಸೀಸನ್‌ನ ಖರ್ಚಿನ ಮುಕ್ಕಾಲು ಭಾಗ ಅವನಿಗೆ ಎರಡೇ ತಿಂಗಳಲ್ಲಿ ಹೋಯಿತು. ಇನ್ನೊಬ್ಬನ ಫೋನಿಗೆ ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದ ಹಾಕಿದ ಆ್ಯಪ್ (ಎಪಿಕೆ) ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತಿತ್ತು. ಬ್ಯಾಂಕಿನ ಒಟಿಪಿ ಬರುವುದೂ ಅಲ್ಲಿಗೇ ಅಲ್ವಾ? ಫುಟ್‌ಬಾಲ್ ತೋರಿಸೋಕೆ ಎಸ್‌ಎಂಎಸ್ ಯಾಕೆ ಬೇಕು? ನಾನೇ ಕೂತು ಅದನ್ನು ತೆಗೆಸಿದೆ. ದೊಡ್ಡ ತಾಣಗಳೂ ಉಳಿಯುತ್ತಿಲ್ಲ. ಸ್ಟ್ರೀಮ್‌ಈಸ್ಟ್ ಒಂದು ವರ್ಷದಲ್ಲಿ 160 ಕೋಟಿ ಭೇಟಿ ಕಂಡಿದ್ದ ಕಳ್ಳ ಪ್ರಸಾರದ ಜಾಲ. 2025ರ ಆಗಸ್ಟ್ ಕೊನೆಗೆ ಈಜಿಪ್ಟ್‌ನಲ್ಲಿ ಇಬ್ಬರನ್ನು ಹಿಡಿದು, 80 ವೆಬ್ ವಿಳಾಸ ಮುಚ್ಚಿಸಿದರು. ಆ ವಾರ ನಮ್ಮ ಗುಂಪಿನಲ್ಲಿ "ಹೊಸ ಲಿಂಕ್ ಯಾವುದು" ಅನ್ನುವ ಮೆಸೇಜೇ ತುಂಬಿತ್ತು. ಹೆಸರು ನೋಡಿ ನಂಬಿ ಹೋದರೆ ನಕಲಿಯ ನಕಲಿ ತೆರೆದುಕೊಳ್ಳುತ್ತದೆ.

ಗುಂಪಿನವರ ಬಾಯಿ ಮುಚ್ಚಿಸಿದ್ದು ಮಾತ್ರ ಚಾಂಪಿಯನ್ಸ್ ಲೀಗ್‌ನ ಇಂಟರ್-ಬಾರ್ಸಿಲೋನಾ ಸೆಮಿಫೈನಲ್‌ನ ಎರಡನೇ ಪಂದ್ಯ. ನಾಲ್ಕೈದು ಜನ ನಮ್ಮ ಮನೆಯಲ್ಲಿದ್ದೆವು. ಟಿವಿಯಲ್ಲಿ ಕೇಬಲ್, ಒಬ್ಬನ ಫೋನಿನಲ್ಲಿ ಅವನೇ ದುಡ್ಡು ಕಟ್ಟಿದ ಆ್ಯಪ್, ಇನ್ನೊಬ್ಬನ ಫೋನಿನಲ್ಲಿ ಹಟಕ್ಕೆ ತೆರೆದ ಕಳ್ಳ ಲಿಂಕ್. ಯಾವುದು ಎಷ್ಟು ಹಿಂದೆ ಅಂತ ನೋಡೋಣ ಅಂತಲೇ ಪಕ್ಕಪಕ್ಕ ಇಟ್ಟಿದ್ದೆವು. 93ನೇ ನಿಮಿಷಕ್ಕೆ ಇಂಟರ್‌ನ ಅಚೆರ್ಬಿ ಗೋಲು ಹೊಡೆದು 3-3 ಮಾಡಿದ. ಟಿವಿಯಲ್ಲಿ ಗೋಲು ಆದ ಸುಮಾರು ಅರ್ಧ ನಿಮಿಷಕ್ಕೆ ಆ್ಯಪ್‌ನಲ್ಲಿ ಬಂತು. ಕಳ್ಳ ಲಿಂಕ್‌ನಲ್ಲಿ ಚಕ್ರ ತಿರುಗುತ್ತಿತ್ತು, ಮೇಲೊಂದು ಬೆಟ್ಟಿಂಗ್ ಜಾಹೀರಾತು ತೆರೆದುಕೊಂಡಿತು, ಅದನ್ನು ಮುಚ್ಚುವಷ್ಟರಲ್ಲಿ ಟಿವಿಯಲ್ಲಿ ಹೆಚ್ಚುವರಿ ಸಮಯಕ್ಕೆ ತಯಾರಿ ನಡೆದಿತ್ತು. ಇದು ಹಾಗೇ ಆಗಬೇಕು, ಯಾಕಂದ್ರೆ ಅವರು ಯಾರದೋ ಅಧಿಕೃತ ಪ್ರಸಾರವನ್ನೇ ಹಿಡಿದು ಮತ್ತೆ ಕಳಿಸುತ್ತಾರೆ, ತಡದ ಮೇಲೆ ತಡ. ಫ್ರಾಟೆಸಿ ಗೆಲುವಿನ ಗೋಲು ಹೊಡೆಯುವ ಹೊತ್ತಿಗೆ ಆ ಫೋನ್ ಜೇಬಿನಲ್ಲಿತ್ತು.

ಈಗ ನನ್ನ ಹೆಮ್ಮೆಯ ವಿಷಯಕ್ಕೆ ಬರುತ್ತೇನೆ, ಯಾರೂ ಇದರ ಬಗ್ಗೆ ಮಾತಾಡಲ್ಲ. ಟಿವಿಗೆ ಸಿಕ್ಕಿಸುವ ಫೈರ್ ಸ್ಟಿಕ್‌ನಲ್ಲಿ ಆ್ಯಪ್ ಹಾಕಿ ನೋಡಿದರೆ, ಕ್ಯಾಮೆರಾ ಪಕ್ಕಕ್ಕೆ ಓಡಿದಾಗ ಚಿತ್ರ ಜರ್ಕ್ ಹೊಡೆಯುತ್ತದೆ. ಎಲ್ಲರೂ ನೆಟ್ ಸರಿ ಇಲ್ಲ ಅಂತಾರೆ. ನಾನೂ ವೈಫೈ ಬಿಟ್ಟು ಲ್ಯಾನ್ ತಂತಿ ಎಳೆದೆ, ಅಡಾಪ್ಟರ್‌ಗೆ ಸಾವಿರ ಚಿಲ್ಲರೆ ಹೋಯಿತು, ಡಿಎನ್‌ಎಸ್ ಬದಲಿಸಿದೆ, ಏನೂ ಆಗಲಿಲ್ಲ. ಕಾರಣ ಬೇರೆ. ಯುರೋಪಿನ ಪ್ರಸಾರ ಸೆಕೆಂಡಿಗೆ 50 ಫ್ರೇಮ್, ಸ್ಟಿಕ್ ಟಿವಿಗೆ ಕಳಿಸುವುದು 60. ಹೊಂದಿಕೆ ಆಗದೆ ಅಲ್ಲಲ್ಲಿ ಒಂದೊಂದು ಫ್ರೇಮ್ ಎರಡು ಸಲ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಷನ್ 1080ಪಿ 50 ಹರ್ಟ್ಜ್ ಅಂತ ನೀವೇ ಆರಿಸಿ. ಬೆಣ್ಣೆಯ ಹಾಗೆ ಓಡುತ್ತದೆ. ಸಿನಿಮಾ ನೋಡುವಾಗ ವಾಪಸ್ ಆಟೋಗೆ ಹಾಕಿ. ಟಿವಿಯಲ್ಲಿ ಇದಕ್ಕೆ ಜೊತೆಯಾಗಿ ಇನ್ನೊಂದು ಸೆಟ್ಟಿಂಗ್ ಇದೆ, ಅದನ್ನು ನೀವೇ ಹುಡುಕಿ, ಹತ್ತು ನಿಮಿಷದ ಕೆಲಸ.

ಡೇಟಾ ವಿಷಯ. ಚೆನ್ನಾಗಿರುವ ಎಚ್‌ಡಿಯಲ್ಲಿ ಒಂದು ಪಂದ್ಯಕ್ಕೆ ಮೂರು ನಾಲ್ಕು ಜಿಬಿ ಬೇಕು. ದಿನಕ್ಕೆ 2 ಜಿಬಿ ರೀಚಾರ್ಜ್ ಇಟ್ಟುಕೊಂಡು ನೋಡಿದರೆ ಎರಡನೇ ಅರ್ಧ ಶುರುವಾಗುತ್ತಿದ್ದ ಹಾಗೆ ಖಾಲಿ. ರಾತ್ರಿ ಹನ್ನೆರಡಕ್ಕೆ ಹೊಸ ದಿನದ ಡೇಟಾ ಶುರುವಾಗುವುದರಿಂದ ಚಾಂಪಿಯನ್ಸ್ ಲೀಗ್‌ಗೆ ಪರವಾಗಿಲ್ಲ, ಗುಣಮಟ್ಟ ಸ್ವಲ್ಪ ಇಳಿಸಿ ಕೂತರೆ ಮುಗಿಯುತ್ತದೆ. ಆದರೆ ಬೆಳಗ್ಗೆ ಏಳುವಾಗ ಆ ದಿನದ ಡೇಟಾ ಖಾಲಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗುವುದು ಮಾಮೂಲಿ, ರೂಟರ್‌ಗೆ ಒಂದು ಸಣ್ಣ 12 ವೋಲ್ಟ್ ಯುಪಿಎಸ್ ಹಾಕಿದ್ದೇನೆ, ಸಾವಿರದ ಐನೂರರ ಒಳಗೆ ಸಿಕ್ಕಿತು. ಇದು, ಸೆಟ್‌ಟಾಪ್ ಬಾಕ್ಸ್, ಲ್ಯಾನ್ ಅಡಾಪ್ಟರ್ ಎಲ್ಲ ಒಂದೇ ಸಲದ ಖರ್ಚು, ಮನೆಯಲ್ಲಿ ಹೇಗೂ ಇದ್ದ ಕೇಬಲ್ ಬಿಲ್‌ನ ಹಾಗೆ ಎರಡು ಸಾವಿರದ ಲೆಕ್ಕದಲ್ಲಿ ಸೇರಿಸಿಲ್ಲ.

ಒಬ್ಬರು ಇದೇ ಸಂಪರ್ಕವನ್ನು ಅಂಗಡಿಯಲ್ಲಿ ಪ್ರೊಜೆಕ್ಟರ್‌ಗೆ ಹಾಕಬಹುದಾ ಅಂತ ಕೇಳಿದ್ದರು. ಬೇಡ. ಮನೆಯ ಚಂದಾ ಮನೆಗೆ ಮಾತ್ರ, ಗಿರಾಕಿಗಳಿಗೆ ತೋರಿಸೋಕೆ ವಾಣಿಜ್ಯ ಚಂದಾ ಬೇರೆ ಇದೆ. ಪಾಸ್‌ವರ್ಡ್ ಹತ್ತು ಮನೆಗೆ ಹಂಚುವುದನ್ನೂ ನಾನು ಮಾಡಲ್ಲ. ನೋಡಬೇಕು ಅನ್ನುವವರು ನಮ್ಮ ಮನೆಗೆ ಬರಲಿ, ಚಹಾ ಕೊಡುತ್ತೇನೆ.

2025-26ರ ಸೀಸನ್‌ಗೂ ಅದೇ ಲೆಕ್ಕ. ಚಾಂಪಿಯನ್ಸ್ ಲೀಗ್‌ನ ಲೀಗ್ ಹಂತದ ಕೊನೆಯ ರಾತ್ರಿ 2026ರ ಜನವರಿ 28, ಪ್ಲೇಆಫ್ ಮುಗಿಯುವುದು ಫೆಬ್ರವರಿ 25ಕ್ಕೆ. ನಮ್ಮ ಗಡಿಯಾರದಲ್ಲಿ ಕೊನೆಯ ಪಂದ್ಯ 26ರ ಬೆಳಗಿನ ಜಾವ ಒಂದೂವರೆಗೆ. ಹೋದ ಸಲಕ್ಕಿಂತ ಈ ಸಲ ಅಂತರ ಜಾಸ್ತಿ. ಜನವರಿ 27ಕ್ಕೇ ಅವಸರ ಮಾಡಿ ಸೋನಿಲಿವ್‌ನ ತಿಂಗಳ ಪ್ಲ್ಯಾನ್ ಹಾಕಿಸಿದರೆ 30 ದಿನ ಅಲ್ಲಿಗಲ್ಲಿಗೆ ಬಂದು ನಿಲ್ಲುತ್ತದೆ, ಕೊನೆಯ ರಾತ್ರಿ ಕೈಕೊಟ್ಟರೂ ಕೊಟ್ಟೀತು. 28ರ ರಾತ್ರಿ ಹನ್ನೆರಡು ದಾಟಿ 29 ಶುರುವಾದ ಮೇಲೆ ಹಾಕಿಸುವುದೇ ಸರಿ.