ಆರಂಭಕಾಲದ ಹಾಲಿವುಡ್ ಸಂಗೀತಚಿತ್ರಗಳನ್ನು ಇಂದು ನೋಡುವ ಬಗೆ

ಸಿನಿಮಾಕ್ಕೆ ಮಾತು ಬಂದ ಹೊಸತರಲ್ಲಿ ಹಾಲಿವುಡ್ ತಯಾರಿಸಿದ ಸಂಗೀತಚಿತ್ರಗಳನ್ನು 1927ರ ‘ದಿ ಜಾಝ್ ಸಿಂಗರ್’ನಿಂದ ಕಾಲಾನುಕ್ರಮವಾಗಿ ನೋಡತೊಡಗಿದವರು ಎರಡನೆಯ ಚಿತ್ರಕ್ಕೇ ಬೇಸತ್ತು ಕೈಬಿಡುವುದುಂಟು. ಹಿಮ್ಮುಖವಾಗಿ ಸಾಗುವುದು ಮೇಲು. ಮೊದಲು 1932ರ ‘ಲವ್ ಮಿ ಟುನೈಟ್’ ನೋಡಿ. ಪ್ಯಾರಿಸ್ಸಿನ ದರ್ಜಿಯೊಬ್ಬ ಅಂಗಡಿಯಲ್ಲಿ ಹಾಡಿದ ಹಾಡನ್ನು ಗಿರಾಕಿ ಗುನುಗುತ್ತ ಹೊರಬೀಳುತ್ತಾನೆ. ಅದು ಟ್ಯಾಕ್ಸಿ ಹತ್ತಿ, ರೈಲಿನಲ್ಲಿ ಸೈನಿಕರ ಬಾಯಿಗೆ ಬಿದ್ದು, ಜಿಪ್ಸಿಗಳ ಪಿಟೀಲಿಗೆ ದಾಟಿ, ಕೊನೆಗೆ ದೂರದ ಕೋಟೆಯಲ್ಲಿರುವ ರಾಜಕುಮಾರಿಯ ಕೊರಳನ್ನು ಸೇರುತ್ತದೆ. ನಿರ್ದೇಶಕ ರೂಬೆನ್ ಮಮೂಲಿಯನ್ ಹಾಡನ್ನು ಹೀಗೆ ಅಲೆದಾಡಿಸಿದ್ದನ್ನು ಕಂಡ ಮೇಲೆ, ಮೂರೇ ವರ್ಷ ಹಿಂದಿನ ‘ದಿ ಬ್ರಾಡ್‌ವೇ ಮೆಲೊಡಿ’ಯಲ್ಲಿ ನಟರು ನಿಂತಲ್ಲೇ ನಿಂತು ಹಾಡುವುದೇಕೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಕ್ಯಾಮೆರಾದ ಸದ್ದು ಮೈಕಿಗೆ ಕೇಳಬಾರದೆಂದು ಆಗ ಅದನ್ನು ಛಾಯಾಗ್ರಾಹಕನ ಸಮೇತ ಗಾಜಿನ ಕಿಂಡಿಯುಳ್ಳ ಗೂಡಿನೊಳಗೆ ಮುಚ್ಚಿಡುತ್ತಿದ್ದರು. ಹಾಡು, ವಾದ್ಯಗಳೆರಡೂ ಬಹುಮಟ್ಟಿಗೆ ಚಿತ್ರೀಕರಣದ ಹೊತ್ತಿಗೇ ಧ್ವನಿಮುದ್ರಣಗೊಳ್ಳುತ್ತಿದ್ದವು. ಆದ್ದರಿಂದ 1929ರ ಚಿತ್ರವೊಂದರ ಯಾವುದಾದರೂ ದೃಶ್ಯವನ್ನು ಮೊದಲ ಸಲ ಸದ್ದು ಅಡಗಿಸಿ ನೋಡಿ. ನಟರು ಯಾವ ಮೇಜಿನ, ಯಾವ ಹೂದಾನಿಯ ಸುತ್ತ ವಿನಾಕಾರಣ ಗುಂಪುಗೂಡುತ್ತಾರೆಂದು ಗಮನಿಸಿದರೆ ಮೈಕ್ ಎಲ್ಲಿ ಅಡಗಿರಬಹುದೆಂದು ಊಹಿಸಬಹುದು. ಎರಡನೆಯ ಸಲ ಬರಿಯ ಕಿವಿಗೊಡಿ. ಮುಖ ಆಚೆ ತಿರುಗಿದಾಗ ದನಿ ತಗ್ಗುವುದು, ಹೆಜ್ಜೆಯ ಸಪ್ಪಳ ಹಾಡಿನೊಳಗೆ ನುಸುಳುವುದು ಸ್ಪಷ್ಟವಾಗಿ ಕೇಳುತ್ತದೆ. ನನಗಂತೂ ಈ ಒರಟುತನವೇ ನಂತರದ ನಯಗಾರಿಕೆಗಿಂತ ಹೆಚ್ಚು ಹಿಡಿಸುತ್ತದೆ.

ಪ್ರತಿಯ ಆಯ್ಕೆಯಲ್ಲಿ ಎಚ್ಚರ ಬೇಕು. ಫಿಲ್ಮಿನ ಅಂಚಿನಲ್ಲಿ ಧ್ವನಿಪಟ್ಟಿಗೆ ಜಾಗ ಬಿಡಬೇಕಾಗಿದ್ದರಿಂದ ಆಗಿನ ಹಲವು ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ಚಚ್ಚೌಕವಾಗಿತ್ತು. ಅದನ್ನು ಅಗಲದ ಚೌಕಟ್ಟಿಗೆ ಹೊಂದಿಸಿದ ಪ್ರತಿಗಳಲ್ಲಿ ತಲೆಯೋ ಪಾದವೋ ಕತ್ತರಿಸಿಹೋಗಿರುತ್ತದೆ. ಕುಣಿಯುವವರ ಪಾದವೇ ಕಾಣದಿದ್ದರೆ ನಿರ್ದೇಶಕನನ್ನು ಬೈಯುವ ಮುನ್ನ ಬೇರೆ ಪ್ರತಿ ಹುಡುಕಿ.

ಕಥೆ ತೆಳುವೆಂದು ಅರ್ಧಕ್ಕೇ ಏಳಬೇಡಿ. ‘ಗೋಲ್ಡ್ ಡಿಗ್ಗರ್ಸ್ ಆಫ್ 1933’ರ ಕಡೆಯ ಹಾಡಿನಲ್ಲಿ, ಮೊದಲ ಮಹಾಯುದ್ಧದಲ್ಲಿ ಹೋರಾಡಿ ಬಂದವರು ಪುಕ್ಕಟೆ ಊಟಕ್ಕಾಗಿ ಸಾಲಿನಲ್ಲಿ ನಿಂತಿದ್ದಾರೆ. ಹಿಂದಿನ ವರ್ಷವಷ್ಟೇ ವಾಷಿಂಗ್ಟನ್ನಿನಲ್ಲಿ ಬೋನಸ್ ಕೇಳಲು ನೆರೆದಿದ್ದ ಮಾಜಿ ಸೈನಿಕರನ್ನು ಸೇನೆಯೇ ಚದುರಿಸಿತ್ತೆಂಬುದು ಅಂದಿನ ಪ್ರೇಕ್ಷಕರಿಗೆ ಗೊತ್ತಿತ್ತು.

ಬಿಳಿಯ ಗಾಯಕರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರ ವೇಷ ಹಾಕುವ ದೃಶ್ಯಗಳು ಮಾತ್ರ ಇಂದು ಸಹಿಸಲಾಗದಂಥವು. ‘ದಿ ಜಾಝ್ ಸಿಂಗರ್’ನಲ್ಲಿ ಆಲ್ ಜಾಲ್ಸನ್ ಕಡೆಯ ಹಾಡನ್ನು ಹಾಡುವುದೂ ಈ ವೇಷದಲ್ಲೇ. ಅಂಥ ದೃಶ್ಯಗಳನ್ನು ಓಡಿಸಿಬಿಟ್ಟರೆ ಚಿತ್ರೋದ್ಯಮ ಯಾವುದನ್ನು ಮನರಂಜನೆಯೆಂದು ಮಾರಿತೆಂಬುದು ಮರೆಯಾಗುತ್ತದೆ. ಕಾಲವೇ ಹಾಗಿತ್ತೆಂದು ಮನ್ನಿಸಿದರೆ, ಅವಮಾನ ಉಂಡವರೂ ಅದೇ ಕಾಲದವರೆಂಬುದು ಮರೆಯುತ್ತದೆ. ಜೊತೆಗೆ ಕಿಂಗ್ ವಿಡಾರ್ 1929ರಲ್ಲಿ ಕರಿಯ ಕಲಾವಿದರನ್ನೇ ಇಟ್ಟುಕೊಂಡು ತೆಗೆದ ‘ಹಲ್ಲೆಲೂಯಾ’ವನ್ನೂ ನೋಡಿ. ಅದರಲ್ಲೂ ಸಿದ್ಧಮಾದರಿಯ ಪಾತ್ರಗಳಿವೆ, ಆದರೆ ಹಾಡುವ ದನಿಗಳು ಅವರವೇ.