ಸಿಪ್ಪೆ ನವಣೆ ತಂದು ಮನೆಯಲ್ಲೇ ಅಕ್ಕಿ ಮಾಡಿಕೊಂಡ ನನ್ನ ಅನುಭವ

ಸಿಪ್ಪೆ ಇರುವ ನವಣೆ ತಂದು ಮನೆಯಲ್ಲೇ ಸಿಪ್ಪೆ ಬಿಡಿಸಿ ನವಣೆ ಅಕ್ಕಿ ಮಾಡಿಕೊಳ್ಳುತ್ತೇನೆ ಅಂದಾಗ ನಮ್ಮ ಬೀದಿ ಕೊನೆಯ ಗಿರಣಿಯವರು "ಅಮ್ಮಾ, ಅದು ಲಕ್ಷಗಟ್ಟಲೆ ಬೆಲೆಯ ಮಷೀನಿನ ಕೆಲಸ, ಸುಮ್ನೆ ಪ್ಯಾಕೆಟ್ ತಗೊಳ್ಳಿ" ಅಂದರು. ನಮ್ಮನೆಯವರು ಬಾಯಿಬಿಟ್ಟು ಏನೂ ಅನ್ನಲಿಲ್ಲ, ಆದರೆ ನಂಬಿಕೆ ಇರಲಿಲ್ಲ ಅನ್ನೋದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅತ್ತೆ ಒಬ್ಬರೇ "ನಾವು ಮಾಡ್ತಿರಲಿಲ್ವಾ" ಅಂದಿದ್ದು. ಅವರದ್ದು ಒರಳು ಒನಕೆಯ ಕಾಲ. ಈಗ ಎರಡು ವರ್ಷದ ಮೇಲಾಯಿತು. ನಮ್ಮ ಮನೆಮಂದಿಗೆಲ್ಲ ಬೇಕಾದ ನವಣೆ, ಸಾಮೆ, ಕೊರಲೆ ಅಕ್ಕಿ ಎಲ್ಲಾ ತುಮಕೂರಿನ ನಮ್ಮ ಬಾಡಿಗೆ ಮನೆ ತಾರಸಿಯಲ್ಲೇ ಆಗುತ್ತಿದೆ. ಅದೇ ಗಿರಣಿಯವರು ಹೋದ ಬೇಸಿಗೆಯಲ್ಲಿ ಬಂದು, ಒಂದು ಹಿಡಿ ಅಕ್ಕಿ ಅಂಗೈಯಲ್ಲಿ ಹರಡಿ ನೋಡಿ, ಅಳತೆ ಬರೆದುಕೊಂಡು ಹೋದರು. ನಮ್ಮ ಹಾಗೆ ಮಿಕ್ಸಿಯಲ್ಲಿ ಸಿಪ್ಪೆ ಬಿಡಿಸೋಕೆ ಒದ್ದಾಡುತ್ತಿರುವವರು ಬೇಕಾದಷ್ಟು ಜನ ಇದ್ದಾರೆ, ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಸಿರಿಧಾನ್ಯ ಯಾಕೆ ಒಳ್ಳೇದು ಅಂತ ನಿಮಗೆ ಹೇಳಬೇಕಾಗಿಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಮಾಡಿದ ಮೇಲೆ ಅಂಗಡಿ ಅಂಗಡಿಯಲ್ಲೂ ಪ್ಯಾಕೆಟ್ ಬಂತು. ನನ್ನ ತಕರಾರು ಆ ಪ್ಯಾಕೆಟ್ ಬಗ್ಗೆಯೇ. ಸಾಮೆ ಅಕ್ಕಿ ತೌಡಿನ (ಸಿಪ್ಪೆಯ ಕೆಳಗಿನ ತೆಳು ಪದರ) ಸಮೇತ ಇದ್ದರೆ ಬೂದು ಕಂದು ಬಣ್ಣ ಇರುತ್ತೆ, ನವಣೆ ಒಳ್ಳೆ ಹಳದಿ ಇರುತ್ತೆ. ಪ್ಯಾಕೆಟ್ಟಿನಲ್ಲಿ ಎರಡೂ ಬೆಳ್ಳಗೆ ಹೊಳೆಯುತ್ತವೆ. ತೌಡು ಹೋಗಿದೆ ಅಂತಲೇ ಅರ್ಥ. ನಾರು ಇರೋದು, ಬಿ ವಿಟಮಿನ್ ಜಾಸ್ತಿ ಇರೋದು ಆ ತೌಡಿನಲ್ಲೇ. ಅದನ್ನು ಪಾಲಿಶ್ ಮಾಡಿ ತೆಗೆದು, ಭತ್ತದ ಅಕ್ಕಿಗಿಂತ ಎರಡು ಪಟ್ಟು ದುಡ್ಡು ಕೊಟ್ಟು ತಿನ್ನೋದು ಯಾವ ನ್ಯಾಯ? ಪಾಲಿಶ್ ಮಾಡದ್ದು ಸಿಗಲ್ಲ ಅಂತಲ್ಲ. ಸಿಗುತ್ತೆ, ಆದರೆ ನಾನು ತಂದ ಎಷ್ಟೋ ಪ್ಯಾಕೆಟ್ ಒಡೆದ ದಿನವೇ ಕಮಟು ವಾಸನೆ. ತೌಡಿನಲ್ಲಿ ಎಣ್ಣೆ ಇದೆಯಲ್ಲ, ಸಿಪ್ಪೆ ಬಿಟ್ಟ ಮೇಲೆ ಅದು ತಿಂಗಳು ಎರಡು ತಿಂಗಳಿಗೆ ಕಹಿಯಾಗುತ್ತೆ. ಸಿಪ್ಪೆಯೊಳಗೆ ಇದ್ದರೆ ವರ್ಷಗಟ್ಟಲೆ ಏನೂ ಆಗಲ್ಲ. ಹಾಗಾಗಿ ಸಿಪ್ಪೆ ಕಾಳು ಮನೆಯಲ್ಲಿಟ್ಟುಕೊಂಡು ಆಗಿಂದಾಗ್ಗೆ ಬಿಡಿಸಿಕೊಳ್ಳೋದೇ ಸರಿ. ರಾಗಿ, ಜೋಳ, ಸಜ್ಜೆಗೆ ಈ ಗೋಳಿಲ್ಲ, ಅವು ಬರಿಗಾಳು.

ಮೊದಲು ಎಲ್ಲರಂತೆ ಮಿಕ್ಸಿ. 750 ವ್ಯಾಟಿನದು, ಚಟ್ನಿ ಜಾರು, ಮೊಂಡು ಬ್ಲೇಡು, ಬ್ಲೇಡು ಮುಳುಗುವಷ್ಟೇ ಕಾಳು, ತಿರುಗಿಸಿ ನಿಲ್ಲಿಸಿ ತಿರುಗಿಸಿ ನಿಲ್ಲಿಸಿ. ಕೊರಲೆಗೆ ಇದು ತಕ್ಕಮಟ್ಟಿಗೆ ಆಗುತ್ತೆ, ಸುಳ್ಳಲ್ಲ. ನವಣೆ ಹಾಕಿದರೆ ಮೂರರಲ್ಲಿ ಒಂದು ಪಾಲು ನುಚ್ಚು, ಒಂದು ಪಾಲು ಸಿಪ್ಪೆ ಬಿಡದ ಕಾಳು. ಒಂದು ಸಲಕ್ಕೆ ಒಂದು ಲೋಟ ಅಂದರೆ ವಾರಕ್ಕೆ ಎರಡು ಕೆಜಿ ಆಗೋದು ಯಾವಾಗ? ಮೋಟಾರು ಬಿಸಿಯಾಗಿ ಸುಟ್ಟ ವಾಸನೆ ಬಂತು, ಕಾಯಿಲ್ ಕಟ್ಟಿಸೋಕೆ ಎಂಟುನೂರೋ ಒಂಬೈನೂರೋ ಹೋಯಿತು. ಆಮೇಲೆ ನಾದಿನಿ ಮನೆಯ ಹಿಟ್ಟಿನ ಗಿರಣಿ, ಹದಿನೈದು ಸಾವಿರದ ಮಷೀನು. ಜಾಲರಿ ತೆಗೆದು ಬಿಟ್ಟರೂ ಸಿಪ್ಪೆ ಸಮೇತ ರವೆ ಬಂತು. ಎರಡರದ್ದೂ ಒಂದೇ ಗುಣ, ಕಾಳಿಗೆ ಹೊಡೆಯುತ್ತವೆ. ನಮಗೆ ಬೇಕಾಗಿರೋದು ಹೊಡೆಯೋದಲ್ಲ, ಉಜ್ಜೋದು.

ಇದಕ್ಕೆ ದಾರಿ ತೋರಿಸಿದ್ದು ಅತ್ತೆ. ಅವರ ತವರಿನಲ್ಲಿ ಹಾರಕ ಅನ್ನೋ ಸಿರಿಧಾನ್ಯಕ್ಕೆ ಅಂತಲೇ ಒಂದು ಬೀಸುಕಲ್ಲು ಬೇರೆ ಇತ್ತಂತೆ, ಅದರ ಮುಖಕ್ಕೆ ಜೇಡಿಮಣ್ಣು ಮೆತ್ತಿ ಒಣಗಿಸಿ ಬೀಸುತ್ತಿದ್ದರಂತೆ. ಬರಿಗಲ್ಲಾದರೆ ಕಾಳು ಒಡೆಯುತ್ತೆ, ಮಣ್ಣಾದರೆ ಸಿಪ್ಪೆ ಮಾತ್ರ ಹಿಡಿದು ಎಳೆಯುತ್ತೆ. ನಾನೂ ಮಾಡಿ ನೋಡಿದೆ. ಸಿಪ್ಪೆ ಚೆನ್ನಾಗಿಯೇ ಬಿಟ್ಟಿತು! ಆದರೆ ಅಕ್ಕಿ ತುಂಬ ಮಣ್ಣಿನ ಪುಡಿ. ಎಷ್ಟು ಗಾಲಿಸಿದರೂ ಹಲ್ಲಿಗೆ ಕರಕರ ಅನ್ನೋದು ಹೋಗಲಿಲ್ಲ, ಮಕ್ಕಳು ತಟ್ಟೆ ತಳ್ಳಿದರು. ಐದಾರು ಕೆಜಿ ಬೀಸುವಷ್ಟರಲ್ಲಿ ಮಣ್ಣು ಎದ್ದು ಬಂದು ಮತ್ತೆ ಮೆತ್ತಬೇಕು. ಅಲ್ಲಿಗೆ ನನಗೆ ಹೊಳೆದಿದ್ದು, ಮಣ್ಣಿನ ಜಾಗಕ್ಕೆ ರಬ್ಬರು ಬಂದರೆ? ಭತ್ತದ ಮಿಲ್ಲಿನಲ್ಲಿ ರಬ್ಬರ್ ರೋಲರು ಇದೇ ಕೆಲಸ ತಾನೇ ಮಾಡೋದು.

ಕಬ್ಬಿಣದ ಕೈ ಗಿರಣಿ ಗೊತ್ತಲ್ಲ, ಮೇಜಿಗೆ ಬಿಗಿದು ಹಿಡಿ ತಿರುಗಿಸೋದು, ಎದುರುಬದುರು ಎರಡು ಹಲ್ಲಿನ ತಟ್ಟೆ ಇರುತ್ತೆ. ಅದು ಎರಡೂವರೆ ಸಾವಿರದ ಆಸುಪಾಸು ಬಿತ್ತು. ಅದರ ತಿರುಗುವ ತಟ್ಟೆ ಮೇಲೆ ರಬ್ಬರ್ ಬಿಲ್ಲೆ ಕೂರಿಸಬೇಕು, ಅಷ್ಟೇ. ಅಷ್ಟೇ ಅಂತ ಬರೆಯೋಕೆ ಸುಲಭ. ಮೊದಲು ಲಾರಿ ಟ್ಯೂಬು ಕತ್ತರಿಸಿ ಹಾಕಿದೆ, ತೆಳುವಾಯಿತು, ಹಿಂದಿನ ಹಲ್ಲು ಒತ್ತಿ ನುಚ್ಚಾಯಿತು, ಮೇಲಾಗಿ ಕಪ್ಪು ಬಣ್ಣ ಬಿಟ್ಟಿತು, ಅದನ್ನು ತಿನ್ನೋ ಮಾತೇ ಇಲ್ಲ. ಹವಾಯಿ ಚಪ್ಪಲಿಯ ಹೊಸ ಅಟ್ಟೆ ತಂದು ನೋಡಿದೆ, ಮೆತ್ತಗಾಗಿ ಪುಡಿ ಉದುರಿತು. ಕೊನೆಗೆ ಬೆಂಗಳೂರಿನ ಎಸ್‌ಪಿ ರಸ್ತೆ ಕಡೆ ಹೋದಾಗ ಆಹಾರದ ಮಷೀನಿಗೆ ಹಾಕುವ ಬಿಳಿ ರಬ್ಬರ್ ಹಾಳೆ ಸಿಕ್ಕಿತು, ಐದಾರು ಮಿಲಿಮೀಟರ್ ದಪ್ಪ, ಒಂದಡಿ ಚೌಕಕ್ಕೆ ನಾನೂರು ರೂಪಾಯಿ ಹತ್ತಿರ. ಒಂದು ಹಾಳೆಯಲ್ಲಿ ನಾಲ್ಕು ಬಿಲ್ಲೆ ಬರುತ್ತೆ, ಒಂದು ಬಿಲ್ಲೆ ನನಗೆ ಐವತ್ತು ಅರವತ್ತು ಕೆಜಿ ಕಾಳಿಗೆ ಬಂದಿದೆ. ಅಂಟು ಹಾಕಬೇಡಿ, ಅದು ಕಾಳಿಗೆ ಸೇರುತ್ತೆ. ತಟ್ಟೆಗೆ ತೂತು ಕೊರೆಸಿ ಸ್ಟೀಲಿನ ಸಣ್ಣ ಸ್ಕ್ರೂ ಹಾಕಿ, ತಲೆ ರಬ್ಬರಿನೊಳಗೆ ಹುದುಗಿರಬೇಕು. ವರ್ಕ್‌ಶಾಪಿನ ಹುಡುಗ ಇನ್ನೂರು ತೆಗೆದುಕೊಂಡ.

ಗಿರಣಿ ಸಿದ್ಧವಾದರೂ ಮೊದಲ ದಿನ ಅರ್ಧಕ್ಕರ್ಧ ಸಿಪ್ಪೆ ಹಾಗೇ ಬಂತು. ತಟ್ಟೆ ಬಿಗಿ ಮಾಡಿದರೆ ನುಚ್ಚು, ಸಡಿಲ ಮಾಡಿದರೆ ಸಿಪ್ಪೆ. ಬಹಳ ಜನ ಇಲ್ಲಿಗೇ ಕೈ ಬಿಡೋದು. ನಾನು ಗಿರಣಿಯಿಂದ ಕೆಳಗೆ ಬಿದ್ದ ಕಾಳನ್ನು ಕಪ್ಪು ಬಟ್ಟೆ ಮೇಲೆ ಹರಡಿಕೊಂಡು ಕೂತು ನೋಡಿದೆ. ಸಿಪ್ಪೆ ಬಿಡದೆ ಉಳಿದದ್ದೆಲ್ಲಾ ಸಣ್ಣ ಕಾಳು, ಒಡೆದದ್ದೆಲ್ಲಾ ದಪ್ಪ ಕಾಳು. ಒಂದೇ ಚೀಲದ ನವಣೆಯಲ್ಲಿ ಮೂರು ಅಳತೆಯ ಕಾಳಿರುತ್ತೆ, ಎರಡು ತಟ್ಟೆಯ ನಡುವಿನ ಒಂದೇ ಸಂದಿನಲ್ಲಿ ಮೂರೂ ಬಿಡಲಿ ಅಂದರೆ ಹೇಗಾಗುತ್ತೆ? ಆಮೇಲೆ ಗಿರಣಿಗೆ ಹಾಕುವ ಮೊದಲೇ ಎರಡು ಜರಡಿಯಲ್ಲಿ ಆಡಿಸಿ ದಪ್ಪ, ನಡು, ಸಣ್ಣ ಅಂತ ಬೇರೆ ಮಾಡಿದೆ. ಸಂದು ದಪ್ಪಕ್ಕೆ ಒಂದು, ನಡುವಿನದಕ್ಕೆ ಒಂದು. ತೀರಾ ಸಣ್ಣದನ್ನು ಗುಬ್ಬಿ ಪಾರಿವಾಳಕ್ಕೆ ಹಾಕಿಬಿಡುತ್ತೇನೆ, ಹತ್ತು ಕೆಜಿಗೆ ಅರ್ಧ ಕೆಜಿ ಬರಬಹುದು. ಜರಡಿ ಆಡಿಸಿದ ದಿನವೇ ನೂರಕ್ಕೆ ಎಂಬತ್ತರ ಮೇಲೆ ಸಿಪ್ಪೆ ಬಿಟ್ಟಿತು. ನನ್ನ ಪ್ರಕಾರ ಗಿರಣಿಗಿಂತ ಜರಡಿಯೇ ದೊಡ್ಡದು.

ಒಣಗಿಸೋದರ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಸಿಪ್ಪೆ ಮೆತ್ತಗಾಗಿ ನಾರಿನಂತೆ ಅಂಟಿಕೊಳ್ಳುತ್ತೆ, ಬಿಡೋದೇ ಇಲ್ಲ. ಕಡು ಬಿಸಿಲಿನಿಂದ ನೇರ ಗಿರಣಿಗೆ ಹಾಕಿದರೆ ಕಾಳು ಪುಟಪುಟ ಒಡೆಯುತ್ತೆ. ನಾನು ಒಂದು ದಿನ ಒಳ್ಳೆ ಬಿಸಿಲು ಕೊಟ್ಟು, ರಾತ್ರಿಯೆಲ್ಲಾ ಒಳಗೆ ಹರಡಿಟ್ಟು, ಬೆಳಿಗ್ಗೆ ಬಿಡಿಸುತ್ತೇನೆ. ಹಲ್ಲಿನಲ್ಲಿ ಕಡಿದರೆ ಕಟ್ ಅಂತ ಎರಡಾಗಬೇಕು, ಚಪ್ಪಟೆಯಾದರೆ ಇನ್ನೂ ಹಸಿ, ಪುಡಿಯಾದರೆ ಜಾಸ್ತಿ ಒಣಗಿದೆ.

ಒಂದು ಸಲ ಬಿಟ್ಟ ಮೇಲೆ ಟೇಬಲ್ ಫ್ಯಾನಿನ ಮುಂದೆ ತೂರಿ. ನಿಧಾನದ ಸ್ಪೀಡು ಸಾಕು. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ, ಆ ಹೊಟ್ಟಿನ ದೂಳು ಗಂಟಲಿಗೆ ಕೆಟ್ಟದ್ದು. ಉಳಿದ ಸಿಪ್ಪೆ ಕಾಳು ಬೇರೆ ಮಾಡೋಕೆ ಮೊರವೇ ಗತಿ. ಮೊರವನ್ನು ತಟ್ಟದೆ ಸುಮ್ಮನೆ ಸುತ್ತಾ ಆಡಿಸಿ. ಸಿಪ್ಪೆ ಕಾಳು ಹಗುರ, ಮೇಲೆದ್ದು ಮೊರದ ನಡುವೆ ದುಂಡಗೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಂದು ಕೂರುತ್ತೆ, ಅದನ್ನು ಮೂರು ಬೆರಳಲ್ಲಿ ಎತ್ತಿಬಿಡೋದು. ಅತ್ತೆ ಇದನ್ನು ಕಣ್ಣು ಮುಚ್ಚಿಕೊಂಡು ಮಾಡುತ್ತಾರೆ, ನನಗೆ ಕೈ ಕೂರೋಕೆ ಒಂದು ಬೇಸಿಗೆಯೇ ಹಿಡಿಯಿತು. ಎತ್ತಿದ್ದನ್ನು ಎರಡನೇ ಸಲ ಗಿರಣಿಗೆ ಹಾಕುತ್ತೇನೆ. ಇನ್ನೂ ಒಂದೆರಡು ಉಳಿದಿದ್ದರೆ ಅನ್ನಕ್ಕೆ ತೊಳೆಯುವಾಗ ತೇಲುತ್ತೆ, ಗಾಲಿಸಿ ಚೆಲ್ಲಿ.

ಲೆಕ್ಕಕ್ಕೆ ಬರೋಣ. ಸಿರಾ, ಮಧುಗಿರಿ ಕಡೆಯ ರೈತರಿಂದ ಸಿಪ್ಪೆ ನವಣೆ ಕೆಜಿಗೆ ನಲವತ್ತರ ಹತ್ತಿರ ಬರುತ್ತೆ, ಕೊರಲೆ ಅರವತ್ತರ ಆಚೆ ಈಚೆ. ಹತ್ತು ಕೆಜಿ ನವಣೆಗೆ ಆರು ಕೆಜಿ ಚಿಲ್ಲರೆ ಅಕ್ಕಿ, ಮುಕ್ಕಾಲು ಕೆಜಿ ನುಚ್ಚು. ಅಂದರೆ ಅಕ್ಕಿ ಅರವತ್ತೈದಕ್ಕೆ ಬಿತ್ತು, ಅಂಗಡಿಯಲ್ಲಿ ನೂರ ಹತ್ತು. ಕೊರಲೆ ಐದೂವರೆ ಕೆಜಿ ಬಂದರೆ ಹೆಚ್ಚು, ಆದರೂ ನೂರ ಹತ್ತಕ್ಕೆ ನಿಲ್ಲುತ್ತೆ, ಅಂಗಡಿಯಲ್ಲಿ ಇನ್ನೂರಕ್ಕೆ ಕಡಿಮೆ ಇಲ್ಲ. ತಿಂಗಳಿಗೆ ನಮಗೆ ಎರಡೂ ಸೇರಿ ಎಂಟು ಕೆಜಿ ಬೇಕು, ನಾನೂರು ಐನೂರು ಉಳಿಯುತ್ತೆ. ಕೆಟ್ಟ ಪ್ರಯೋಗಗಳೂ ಸೇರಿ ನಾನು ಹಾಕಿದ್ದು ಆರು ಸಾವಿರದ ಒಳಗೆ, ಅದು ಒಂದೂವರೆ ವರ್ಷದ ಮೊದಲೇ ವಾಪಸ್ ಬಂತು. ನನ್ನ ಕೂಲಿ ಲೆಕ್ಕ ಹಾಕಿಲ್ಲ. ಎರಡು ಕೆಜಿ ಅಕ್ಕಿಗೆ ಜರಡಿಯಿಂದ ಮೊರದವರೆಗೆ ಒಂದೂವರೆ ಗಂಟೆ, ಭಾನುವಾರ ಬೆಳಿಗ್ಗೆ ಮಗ ಹಿಡಿ ತಿರುಗಿಸುತ್ತಾನೆ.

ಮಧ್ಯೆ ಬೇರೆ ಬೇರೆಯೂ ಮಾಡಿ ನೋಡಿದೆ. ಕುಸುಬಲಕ್ಕಿ ಹಾಗೆ ನವಣೆಯನ್ನು ನೆನೆಸಿ, ಇಡ್ಲಿ ಪಾತ್ರೆಯಲ್ಲಿ ಹಬೆ ಕೊಟ್ಟು, ನೆರಳಲ್ಲಿ ಒಣಗಿಸಿ ಬಿಡಿಸಿದರೆ ನುಚ್ಚು ಬಹಳ ಕಡಿಮೆ, ಅನ್ನವೂ ಉದುರುದುರು. ಆದರೆ ಎರಡು ಮೂರು ದಿನದ ಕೆಲಸ, ಮೋಡ ಬಂದರೆ ಮುಗ್ಗಲು ವಾಸನೆ. ಬೇಸಿಗೆಗೆ ಮಾತ್ರ ಅಂತ ಇಟ್ಟುಕೊಂಡಿದ್ದೇನೆ. ಸಜ್ಜೆ ಹಿಟ್ಟು ವಾರಕ್ಕೆ ಕಹಿಯಾಗುತ್ತೆ ಅಲ್ವಾ? ಕಾಳನ್ನು ಬಟ್ಟೆಯಲ್ಲಿ ಕಟ್ಟಿ ಕುದಿಯುವ ನೀರಲ್ಲಿ ಅರ್ಧ ನಿಮಿಷ ಅದ್ದಿ ತೆಗೆದು ಚೆನ್ನಾಗಿ ಒಣಗಿಸಿ ಬೀಸಿದೆ, ಮೂರು ವಾರದವರೆಗೂ ರೊಟ್ಟಿ ಕಹಿಯಾಗಲಿಲ್ಲ. ಇನ್ನೊಂದು ಅನಿರೀಕ್ಷಿತ ಲಾಭ, ರಾಗಿ ಮೊಳಕೆ ಕಟ್ಟಿ ಒಣಗಿಸಿದ ಮೇಲೆ ಬೇರು ಉದುರಿಸೋಕೆ ಕೈಯಲ್ಲಿ ಉಜ್ಜುತ್ತೇವಲ್ಲ, ಇದೇ ರಬ್ಬರ್ ಗಿರಣಿಯನ್ನು ಸಡಿಲ ಬಿಟ್ಟು ತಿರುಗಿಸಿದರೆ ಐದು ನಿಮಿಷದಲ್ಲಿ ಬೇರೆಲ್ಲಾ ಉದುರುತ್ತೆ. ಮಾಲ್ಟಿನ ಹಿಟ್ಟು ಒಗರಿಲ್ಲದೆ ಬಂತು.

ತಿನ್ನೋ ವಿಷಯ. ತೌಡು ಇರುವ ಅಕ್ಕಿಯನ್ನು ಆರರಿಂದ ಎಂಟು ಗಂಟೆ ನೆನೆಸಲೇಬೇಕು, ನೆನೆಸದೆ ಮಾಡಿ "ಗಟ್ಟಿ, ಹೊಟ್ಟೆ ಉಬ್ಬರ" ಅನ್ನುವವರೇ ಜಾಸ್ತಿ. ಒಂದಕ್ಕೆ ಎರಡೂವರೆ ನೀರು, ನೆನೆಸಿದ ನೀರು ಚೆಲ್ಲಿ ಬೇರೆ ಹಾಕಿ. ಮಕ್ಕಳಿಗೆ ಬರೀ ಅನ್ನ ಸೇರಲಿಲ್ಲ, ಬಿಸಿಬೇಳೆಬಾತಿಗೆ ಹಾಕಿದರೆ ಕೇಳಿ ಹಾಕಿಸಿಕೊಳ್ಳುತ್ತಾರೆ. ನುಚ್ಚೆಲ್ಲಾ ಇಡ್ಲಿಗೆ, ಅಂಬಲಿಗೆ. ಮಾವನವರಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಊಟವಾಗಿ ಎರಡು ಗಂಟೆ ಬಿಟ್ಟು ನೋಡಿದರೆ ರಕ್ತದ ಸಕ್ಕರೆ ಇನ್ನೂರ ಇಪ್ಪತ್ತರ ಸುತ್ತ ಇರುತ್ತಿದ್ದದ್ದು ಆರು ತಿಂಗಳಲ್ಲಿ ನೂರ ಎಪ್ಪತ್ತರ ಸುತ್ತ ಬಂತು. ಮಾತ್ರೆ ಬಿಟ್ಟಿಲ್ಲ, ಬೆಳಿಗ್ಗೆ ನಡಿಗೆಯೂ ಇದೆ, ಡಾಕ್ಟರಿಗೆ ಊಟದ ವಿಷಯ ಹೇಳಿದ್ದೇವೆ. ಇದನ್ನು ಔಷಧಿ ಅಂತ ನಾನು ಹೇಳುತ್ತಿಲ್ಲ. ಚಿಕ್ಕ ಮಗಳಿಗಿದ್ದ ಮಲಬದ್ಧತೆ ಮಾತ್ರ ಎರಡು ಮೂರು ವಾರದಲ್ಲೇ ಹೋಯಿತು, ಅದು ನಾರಿನ ಕೆಲಸವೇ.

ಹಾರಕ ಇನ್ನೂ ನನ್ನ ಕೈಗೆ ಪೂರ್ತಿ ಬಂದಿಲ್ಲ. ಅದರ ಸಿಪ್ಪೆ ಪದರ ಪದರ, ನಾಲ್ಕು ಸಲ ಗಿರಣಿಗೆ ಹಾಕಿದರೂ ಅರ್ಧದಷ್ಟೇ ಬಿಡುತ್ತೆ. ಕೊಯ್ಲಿನಲ್ಲಿ ಮಳೆಗೆ ಸಿಕ್ಕ ಹಾರಕವನ್ನಂತೂ ತರಲೇಬೇಡಿ, ಬೂಷ್ಟು ಹಿಡಿದರೆ ತಲೆಸುತ್ತು ವಾಂತಿ ಬರುತ್ತೆ, ಹಿರಿಯರು ಹಾರಕದ ಅಮಲು ಅನ್ನೋದು ಅದನ್ನೇ. ಈಗ ಸ್ವಲ್ಪ ಗಟ್ಟಿ ರಬ್ಬರ್ ತರಿಸಿದ್ದೇನೆ, ಈ ಸುಗ್ಗಿಯ ಕಾಳಿಗೆ ಹಾಕಿ ನೋಡಬೇಕು. ಹಾವೇರಿ, ಕುಂದಗೋಳ ಕಡೆ ಸಾವೆ (ನಮ್ಮ ಕಡೆಯ ಸಾಮೆ) ಬೆಳೆಯುವವರು ಯಾರಾದರೂ ಮನೆಯಲ್ಲಿ ರಬ್ಬರ್ ಹಾಕಿ ಬಿಡಿಸಿದ್ದರೆ ಎಷ್ಟು ದಪ್ಪದ್ದು ಹಾಕಿದಿರಿ, ಎಷ್ಟು ಕೆಜಿಗೆ ಸವೆಯಿತು ಅಂತ ಬರೆಯಿರಿ. ಜರಡಿಯ ತೂತಿನ ಅಳತೆ ಬೇಕಾದವರು ಕೇಳಿ, ನವಣೆದು ಕೊಡುತ್ತೇನೆ.